ಮೇಷ್ಟ್ರ ಎಡಗಾಲು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮಾನ್ಯ ಕುಲಪತಿಗಳೇ, ಹಳೆಯ ವಿದ್ಯಾರ್ಥಿಗಳ ಸಂಘದ ಪದಾಧಿಕಾರಿಗಳೇ, ನನ್ನ ಜೊತೆಗೇ ಸೇರಿ ನನಗಿಂತ ಎರಡು ವರ್ಷ ಮೊದಲೇ ಇಲ್ಲಿಂದ ಹೊರಬಿದ್ದ ಗೆಳೆಯ ಗೆಳತಿಯರೇ, ಊಟಕ್ಕೆ ತಡವಾಗುತ್ತಿದ್ದರೂ ಮುಖ ಸಿಂಡರಿಸದೆ ಕುಳಿತಿರುವ ಸಭಿಕರೇ,

ನನ್ನ ಪರಿಚಯ ಮಾಡಿಕೊಟ್ಟವರು ನಾನು ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿ ಪಡೆದೆ ಎಂದರು. ಪದವಿ ನಾಲ್ಕು ವರ್ಷದ್ದೇ, ನಾನು ಪಡೆಯಲು ಆರು ವರ್ಷ ತೆಗೆದುಕೊಂಡೆ. ಯಂತ್ರಚಿತ್ರ, ಅಂದರೆ ಮೆಷಿನ್ ಡ್ರಾಯಿಂಗ್, ಎಂಬ ಒಂದೇ ವಿಷಯ ಎರಡು ಸಲ ಕೈಕೊಟ್ಟಿತು. ಆಗ ಪರೀಕ್ಷೆ ವರ್ಷಕ್ಕೊಂದೇ ಸಲ.

ಅದನ್ನು ಕಲಿಸುತ್ತಿದ್ದವರು ಸದಾ ಕಂಕುಳಲ್ಲಿ ಮರದ ಅಳತೆಪಟ್ಟಿ ಇಟ್ಟುಕೊಂಡು ಓಡಾಡುತ್ತಿದ್ದ ಒಬ್ಬ ಮೇಷ್ಟ್ರು. ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ, ಹಾಗಾದರೆ ನೀವೂ ಅವರ ಕೈಗೆ ಸಿಕ್ಕವರೇ. ಎರಡನೆಯ ಸಲ ಅವರು ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು, "ಕಣ್ಣಳತೆ ಕೆಲಸ. ಸಾಲದು" ಎಂದರು, ಅಷ್ಟೇ. ಆ ಎರಡು ಮಾತಿಗೆ ನನ್ನ ಕೈಯಲ್ಲಿದ್ದ ಕೆಲಸ ಹೋಯಿತು. ಪದವಿ ಬಂದರೆ ತೆಗೆದುಕೊಳ್ಳುತ್ತೇವೆಂದಿದ್ದ ಕಾರ್ಖಾನೆಯವರು ಒಂದು ವರ್ಷ ಕಾದರು, ಎರಡನೆಯ ವರ್ಷ ಕಾಯಲಿಲ್ಲ. ಅಪ್ಪ ಟೈಲರ್. ಹೊಲಿಗೆ ಯಂತ್ರ ನಿಲ್ಲಿಸದೆಯೇ ಸುದ್ದಿ ಕೇಳಿಸಿಕೊಂಡರು. ಅವತ್ತು ಅವರು ಹೊಲಿದ ತೋಳು ಸೊಟ್ಟಗಾಗಿತ್ತು.

ಹಾಗೆ ನಾನು ಕೃತಕ ಕಾಲು ಮಾಡುವ ಕಾರ್ಯಾಗಾರದಲ್ಲಿ ಪ್ಲಾಸ್ಟರ್ ಕಲಸುವ ಕೆಲಸಕ್ಕೆ ಸೇರಿದೆ. ಸೇವೆಯ ಹಂಬಲದಿಂದ ಸೇರಿದೆ ಎಂದು ನಿಮ್ಮ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿದೆ. ಬೇರೆಲ್ಲೂ ಕೆಲಸ ಸಿಗಲಿಲ್ಲ, ಅದಕ್ಕೆ ಸೇರಿದೆ. ಆಮೇಲೆ ಕೆಲಸ ಹಿಡಿಸಿತು, ಕೈ ಕುದುರಿತು. ಹದಿನೈದು ವರ್ಷಕ್ಕೆ ಆ ಕಾರ್ಯಾಗಾರದ ಮುಖ್ಯಸ್ಥೆಯಾದೆ.

ಒಂದು ಮಂಗಳವಾರ ಗಾಲಿಕುರ್ಚಿಯಲ್ಲಿ ಒಬ್ಬರನ್ನು ತಳ್ಳಿಕೊಂಡು ಅವರ ಹೆಂಡತಿ ಬಂದರು. ಸಕ್ಕರೆ ಕಾಯಿಲೆ, ಎಡಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ತಲೆ ಎತ್ತಿ ನೋಡಿದೆ. ಮೇಷ್ಟ್ರು. ಅವರು ನನ್ನನ್ನು ಗುರುತಿಸಲಿಲ್ಲ. ನಾನೂ ಹೇಳಿಕೊಳ್ಳಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಅವರು ಇಲ್ಲೇ ಮೂರನೆಯ ಸಾಲಿನಲ್ಲಿ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ.

"ನಾನು ನಿಮ್ಮ ಶಿಷ್ಯೆ ಅಂತ ಹೇಳ್ದೆಯಾ?" ಎಂದರು.

"ಇಲ್ಲ."

"ಯಾಕೆ?"

ಹೊಳೆದ ಉತ್ತರ ಗಂಡನ ಮುಂದೆ ಹೇಳುವಂಥದ್ದಾಗಿರಲಿಲ್ಲ.

ಈ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ಕತ್ತರಿಸಿದ ಮೇಲೆ ಉಳಿದ ಕಾಲಿನ ತುಂಡಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತೇವೆ. ಆ ಅಚ್ಚಿನ ಮೇಲೆ, ಕಾಲು ಕೂರುವ ಬಟ್ಟಲನ್ನು ಮಾಡುತ್ತೇವೆ. ಮೂಳೆ ಉಬ್ಬಿರುವ ಕಡೆ ಬಟ್ಟಲಿನಲ್ಲಿ ಕೂದಲೆಳೆಯಷ್ಟು ಜಾಗ ಬಿಡಬೇಕು. ಬಿಡದಿದ್ದರೆ ಇಡೀ ಮೈಭಾರ ಆ ಒಂದು ಮೂಳೆಯ ಮೇಲೆ ಬೀಳುತ್ತದೆ.

ಮೇಷ್ಟ್ರು ನಾನು ಮಾಡಿಕೊಟ್ಟ ಕಾಲು ಹಾಕಿಕೊಂಡು ಕಂಬಿ ಹಿಡಿದು ನಾಲ್ಕು ಹೆಜ್ಜೆ ನಡೆದರು. "ಮಂಡಿ ಹೊರಗಡೆ, ಇಲ್ಲಿ, ನೋಯ್ತಿದೆಯಮ್ಮ" ಎಂದರು. ಬಿಚ್ಚಿ ನೋಡಿದೆ. ಕಾಸಿನಗಲ ಕೆಂಪಗಾಗಿತ್ತು. ಬಟ್ಟಲನ್ನು ಕಾಯಿಸಿ ಅಲ್ಲಿ ಸ್ವಲ್ಪ ಹೊರಕ್ಕೆ ತಳ್ಳಿದ್ದರೆ ಸಾಕಿತ್ತು, ಅರ್ಧ ಗಂಟೆಯ ಕೆಲಸ. ಬೇರೆ ಯಾರೇ ಆಗಿದ್ದರೂ ಮಾಡುತ್ತಿದ್ದೆ.

"ಹೊಸದ್ರಲ್ಲಿ ಹಾಗೇ ಸಾರ್. ಅಭ್ಯಾಸ ಆಗುತ್ತೆ" ಎಂದೆ.

ವಾರ ಬಿಟ್ಟು ಮತ್ತೆ ಬಂದರು. ಮತ್ತೆ ಅದೇ ಮಾತು ಹೇಳಿದರು. ಮತ್ತೆ ಅದೇ ಮಾತು ಹೇಳಿ ಕಳಿಸಿದೆ. ಸಭಿಕರೇ, ಎರಡು ಸಲ. ಆಗ ನಾನು ಲೆಕ್ಕ ಹಾಕಿ ಮಾಡಿದ್ದಲ್ಲ ಎಂದು ಹೇಳಿದರೆ ನೀವು ನಂಬಬಹುದು. ನಾನು ನಂಬಲಾರೆ.

ಹನ್ನೆರಡನೆಯ ದಿನ ಅವರ ಹೆಂಡತಿ ಫೋನ್ ಮಾಡಿದರು. "ಗಾಯ ಆಗಿದೆ, ಕೀವು ಬರ್ತಿದೆ. ಮಾಗದಿದ್ರೆ ಮಂಡಿ ಮೇಲೆ ಮತ್ತೆ ಕತ್ತರಿಸ್ಬೇಕು ಅಂತಾರೆ ಡಾಕ್ಟ್ರು. ಇವರು ನೀವು ಹೇಳಿದ್ರಿ ಅಂತ ಹಲ್ಲು ಕಚ್ಚಿ ದಿನಾ ನಡೀತಿದ್ರಮ್ಮ."

ಕೈಯಲ್ಲಿದ್ದ ಉಪಕರಣವನ್ನು ಅಲ್ಲೇ ಇಟ್ಟು ಅವರ ಮನೆಗೆ ಹೋದೆ. ಕಿಟಕಿಯ ಪಕ್ಕದ ಮಂಚದಲ್ಲಿ ಕಾಲು ಚಾಚಿ ಕುಳಿತಿದ್ದರು. ನಾನು ಮಾಡಿದ ಕಾಲು ಗೋಡೆಗೆ ಒರಗಿತ್ತು. ಅದಕ್ಕೊಂದು ಶೂ ಹಾಕಿ, ಲಾಡಿ ಕಟ್ಟಿದ್ದರು.

"ಸಾರ್, ನೀವು ನೋವು ಅಂದಾಗ ನನಗೆ ಗೊತ್ತಿತ್ತು" ಎಂದೆ.

"ಏನು ಗೊತ್ತಿತ್ತು?"

"ಬಟ್ಟಲು ಒತ್ತುತ್ತಿದೆ ಅಂತ. ಸರಿ ಮಾಡಬಹುದಿತ್ತು. ಮಾಡಲಿಲ್ಲ."

"ಯಾಕೆ?"

"ನೀವು ನನ್ನನ್ನ ಎರಡು ಸಲ ಫೇಲ್ ಮಾಡಿದ್ರಿ."

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. "ನನ್ನ ಸ್ಟೂಡೆಂಟಾ? ನೆನಪಿಲ್ಲಮ್ಮ" ಎಂದರು.

ಇಪ್ಪತ್ತು ವರ್ಷ ನಾನು ಎದೆಯಲ್ಲಿ ಹೊತ್ತು ತಿರುಗಿದ್ದು ಅವರ ಮನಸ್ಸಿನಲ್ಲಿ ಒಂದು ದಿನವೂ ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಹೆಂಡತಿ ನನಗೆಂದು ಕಾಫಿ ತಂದು ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಲೋಟವನ್ನು ಹಾಗೇ ಒಳಕ್ಕೆ ತೆಗೆದುಕೊಂಡು ಹೋದರು. ಆ ತಾಯಿ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಅವರು ಮಾತಾಡಬೇಕೆಂದು ಕೇಳುವ ಮುಖವೂ ನನಗಿಲ್ಲ.

"ಆಗ ಡ್ರಾಯಿಂಗ್ ಸರಿ ಇತ್ತಾ?" ಮೇಷ್ಟ್ರು ಕೇಳಿದರು.

"ಇರಲಿಲ್ಲ ಸಾರ್."

"ಹಾಗಾದ್ರೆ ಅದು ಸರಿ. ಇದು ಸರಿಯಲ್ಲ." ಕಿಟಕಿಯಾಚೆ ನೋಡುತ್ತ ಹೇಳಿದರು: "ಗಾಯ ಮಾಗಲಿ. ಮತ್ತೆ ನೀವೇ ಅಚ್ಚು ತೆಗೀರಿ."

"ಬೇರೆಯವರ ಹತ್ರ ಮಾಡಿಸಿಕೊಳ್ಳಿ ಸಾರ್, ಒಳ್ಳೆಯವರಿದ್ದಾರೆ."

"ನೀವೇ ಮಾಡ್ಬೇಕು. ತಪ್ಪು ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ಲ, ನಿಮಗೆ ಗೊತ್ತಿದೆ."

ಗಾಯ ಮಾಗಲು ಹತ್ತು ವಾರ ಹಿಡಿಯಿತು. ಆ ಹತ್ತು ವಾರ ನಾನು ಹೇಗಿದ್ದೆ ಎಂಬುದನ್ನು ಮೂರನೆಯ ಸಾಲಿನವರನ್ನೇ ಕೇಳಿ. ಮಂಡಿ ಉಳಿಯಿತು. ನನ್ನ ಪುಣ್ಯ ಎನ್ನುವುದಿಲ್ಲ, ಡ್ರೆಸಿಂಗ್ ಮಾಡಲು ಮನೆಗೆ ಬರುತ್ತಿದ್ದ ನರ್ಸ್ ಒಬ್ಬರ ಶ್ರದ್ಧೆ.

ಎರಡನೆಯ ಕಾಲು ಮಾಡುವಾಗ ಪ್ರತಿ ಅಳತೆಯನ್ನೂ ಮೂರು ಸಲ ತೆಗೆದೆ. ಮೇಷ್ಟ್ರು ನನ್ನ ಅಳತೆಯ ಚೀಟಿ ಇಸಿದುಕೊಂಡು ಪರೀಕ್ಷೆಯ ಹಾಳೆ ನೋಡಿದ ಹಾಗೆ ನೋಡಿದರು. ಒಂದು ಕಡೆ ಗೆರೆ ಎಳೆದು, "ಇದನ್ನ ಇನ್ನೊಂದ್ಸಲ ನೋಡಿ" ಎಂದರು. ನೋಡಿದೆ. ಮೂರು ಮಿಲಿಮೀಟರ್ ವ್ಯತ್ಯಾಸವಿತ್ತು.

ಕಾಲು ಸಿದ್ಧವಾದ ದಿನ ಕಂಬಿ ಹಿಡಿದು ನಡೆದರು, ಆಮೇಲೆ ಕಂಬಿ ಬಿಟ್ಟು ನಡೆದರು. ನಾನು ಮಂಡಿಯೂರಿ ಕೂತು, "ನೋವಿದೆಯಾ ಸಾರ್? ನಿಜ ಹೇಳಿ" ಎಂದೆ. "ಇಲ್ಲ" ಎಂದರು. ನಂಬದೆ ಬಿಚ್ಚಿಸಿ ನೋಡಿದೆ. ಚರ್ಮ ಕೆಂಪಾಗಿರಲಿಲ್ಲ.

ಮನೆಗೆ ಹೋಗಲು ಕಾರು ಕರೆಸುತ್ತೇನೆ ಎಂದೆ. "ಬೇಡ, ಬಸ್ಸಿದೆ" ಎಂದು ಹೆಂಡತಿಯೊಂದಿಗೆ ಹೊರಟೇಬಿಟ್ಟರು. ತಡೆಯಲಾರದೆ ಹಿಂದೆಯೇ ಹೋದೆ. ಬಸ್ಸು ಬಂತು. ಬಲಗಾಲಿಟ್ಟು ಹತ್ತಿದರು, ಎಡಗಾಲನ್ನು ಪಕ್ಕಕ್ಕೆ ತಂದರು. ಒಳಗೆ ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು.

"ಬೇಡಪ್ಪ, ನಿಂತ್ಕೋತೀನಿ" ಎಂದದ್ದು ರಸ್ತೆಯಲ್ಲಿದ್ದ ನನಗೂ ಕೇಳಿಸಿತು.

ಬಸ್ಸು ಹೊರಟಿತು. ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲಿದರು, ಮೇಷ್ಟ್ರೂ ಎಲ್ಲರಷ್ಟೇ ವಾಲಿ, ಎಲ್ಲರ ಹಾಗೆ ನೆಟ್ಟಗಾದರು.

ಅವರು ತೀರಿಕೊಂಡು ಮೂರು ವರ್ಷವಾಯಿತು. ಪದವಿಯ ನಂತರ ನಿಮ್ಮ ಸಾಧನೆ ಏನು ಎಂದು ಸಂಘದವರು ಕಳಿಸಿದ ಕಾಗದದಲ್ಲಿ ಎರಡೇ ಗೆರೆಯ ಜಾಗವಿತ್ತು, ಇದು ಅದರೊಳಗೆ ಹಿಡಿಸಲಿಲ್ಲ. ಅದಕ್ಕೇ ಇಲ್ಲಿ ನಿಂತು ಹೇಳಿದೆ. ಇಷ್ಟು ಕೇಳಿದ ಮೇಲೂ ನೀವು ಇವತ್ತು ಕೊಟ್ಟ ಈ ಗೌರವ ಫಲಕ ನನಗೇ ಇರಲಿ ಅನ್ನಿಸಿದರೆ ತೆಗೆದುಕೊಂಡು ಹೋಗುತ್ತೇನೆ, ಬೇಡವೆನ್ನಿಸಿದರೆ ಈ ಮೇಜಿನ ಮೇಲೇ ಬಿಟ್ಟು ಹೋಗುತ್ತೇನೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನನ್ನ ವಂದನೆಗಳು, ನಮಸ್ಕಾರ.