ಸೇವೆಯಲ್ಲಿಲ್ಲದ ದಿನ

ಮಾನ್ಯ ಅಧ್ಯಕ್ಷರೇ, ಕುಲಪತಿಗಳೇ, ಬಾಗಿಲ ಹತ್ತಿರವೇ ಜಾಗ ಹಿಡಿದು ಕೂತಿರುವ ಜಾಣ ಸಭಿಕರೇ,

ನಾಲ್ಕು ಜನ ನನ್ನನ್ನು ಹೊಗಳಿ ಆಯಿತು. ಕೇಳಿ ಕೇಳಿ ನನಗೇ ಸುಸ್ತಾಗಿದೆ. ಗಣಿತ ವಿಭಾಗದ ಮೊಟ್ಟಮೊದಲ ಅಧ್ಯಾಪಕಿ, ಹೆಣ್ಣುಮಕ್ಕಳಿಗೆ ದಾರಿ ತೋರಿದವಳು, ಇನ್ನೂ ಏನೇನೋ. ಮೊಮ್ಮಗಳು ಕಿವಿಯಲ್ಲಿ ಕೇಳಿದಳು, "ಅಜ್ಜಿ, ಇದೆಲ್ಲಾ ನೀನೇನಾ?" ಅಲ್ಲ ಪುಟ್ಟಿ, ಅಲ್ಲ. ಮೊದಲು ಬಂದವಳು ನಾನಲ್ಲ.

ಮೊದಲು ಬಂದವರು ನನಗೆ ಪಾಠ ಹೇಳಿದವರು. ಅವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಹನ್ನೊಂದು ವರ್ಷ ಇಲ್ಲಿ ದುಡಿದರು. ಆ ಕಟ್ಟಡದಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಬೆಳಗಿನಿಂದ ನೀರು ಮುಟ್ಟದೆ ಪಾಠ ಮಾಡುತ್ತಿದ್ದರು. ಇಷ್ಟಾದರೂ ತಾತ್ಕಾಲಿಕ. ವರ್ಷಕ್ಕೊಮ್ಮೆ ಒಂದೇ ಒಂದು ದಿನ ಕೆಲಸದಿಂದ ಬಿಡಿಸಿ, ಮಾರನೆಯ ದಿನ ಹೊಸಬರಂತೆ ಸೇರಿಸಿಕೊಳ್ಳುತ್ತಿದ್ದರು. ಯಾಕೆ? ಸತತ ಸೇವೆ ಎಂದಾದರೆ ಕಾಯಂ ಮಾಡಬೇಕಾಗುತ್ತದಲ್ಲ! ಆ ದಿನವೂ ಅಕ್ಕ ತಪ್ಪದೆ ಬರುತ್ತಿದ್ದರು. "ಹಾಜರಿ ಪುಸ್ತಕಕ್ಕೆ ನಾನು ಬೇಡ, ಸರಿ. ಮಕ್ಕಳಿಗೆ ಪಾಠ ಬೇಡ್ವಾ?" ಎನ್ನುತ್ತಿದ್ದರು.

ಕೊನೆಗೂ ಒಂದು ಕಾಯಂ ಹುದ್ದೆ ಬಂತು. ನಾನು ಆಗ ತಾತ್ಕಾಲಿಕವಾಗಿ ಸೇರಿ ಮೂರು ತಿಂಗಳು. ಇಬ್ಬರೂ ಅರ್ಜಿ ಹಾಕಿದೆವು. ಸಂದರ್ಶನದ ದಿನ ಸೇವೆಯಲ್ಲಿ ಇರುವವರಿಗೆ ಮಾತ್ರ ಅವಕಾಶ ಎಂದು ನಿಯಮ. ಆಡಳಿತದವರು ಗೊತ್ತುಮಾಡಿದ ದಿನ ಯಾವುದು ಹೇಳಿ? ಅಕ್ಕನ ಆ ಒಂದು ದಿನ.

ಬೆಳಿಗ್ಗೆ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದರು. "ಟೈಪಿಸ್ಟ್ ಬಂದಿಲ್ಲ ಕಣಮ್ಮ. ನಿಮ್ಮ ಅಕ್ಕ ಇವತ್ತು ಸೇವೆಯಲ್ಲಿ ಇಲ್ಲ ಅಂತ ಎರಡು ಸಾಲು ಹೊಡೆದುಕೊಡು." ಪಕ್ಕದ ಕೋಣೆಯಲ್ಲಿ ಅಕ್ಕ ಪಾಠ ಮಾಡುತ್ತಿದ್ದರು. ಅವರ ದನಿ ಕೇಳುತ್ತಲೇ ಟೈಪ್ ಮಾಡಿದೆ, ಒಂದಕ್ಷರ ತಪ್ಪಿಲ್ಲದೆ. "ಸಾರ್, ಅವರು ಇಲ್ಲೇ ಇದ್ದಾರಲ್ಲ" ಎಂದು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಹೆದರಿಕೆ ಗಿದರಿಕೆ ಏನೂ ಅಲ್ಲ. ಆ ಕೆಲಸ ನನಗೆ ಬೇಕಿತ್ತು, ಅಷ್ಟೇ.

ಅಕ್ಕನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದರು. ಸಂಜೆ ಅವರೇ ಬಂದು ನನ್ನ ಬೆನ್ನು ತಟ್ಟಿದರು. "ಹೋಗ್ಲಿ ಬಿಡೇ, ನಮ್ಮವಳಿಗೇ ಸಿಕ್ತಲ್ಲ." ಆ ಪತ್ರ ಯಾರೋ ಗುಮಾಸ್ತ ಬರೆದದ್ದು ಎಂದುಕೊಂಡಿದ್ದರು. ಮೂವತ್ತೆಂಟು ವರ್ಷ ನಾನೂ ಹಾಗೆಯೇ ಇರಲಿ ಎಂದು ಸುಮ್ಮನಿದ್ದೆ. ನಾಚಿಕೆಯಾಗುತ್ತದೆ. ಹೇಳಿ ಮುಗಿಸಿದರೆ ಹಗುರಾಗುತ್ತೇನೆ ಅಂದುಕೊಂಡಿದ್ದೆ, ಅದೂ ಇಲ್ಲ.

'ಮೊದಲ ಅಧ್ಯಾಪಕಿ' ಎಂದು ಬರೆಸಿ ಕೊಟ್ಟ ಈ ಫಲಕ ವಾಪಸು ತೆಗೆದುಕೊಳ್ಳಿ, ಅಧ್ಯಕ್ಷರೇ. ನಾನು ಎರಡನೆಯವಳು. ಇಷ್ಟು ಹೊತ್ತು ಕೂತು ಕೇಳಿದಿರಿ, ಎಲ್ಲರಿಗೂ ಧನ್ಯವಾದ. ಮೂರನೆಯ ಸಾಲಿನಲ್ಲಿ, ಮಂಡಿನೋವು ಇಟ್ಟುಕೊಂಡು ನನಗೆ ಚಪ್ಪಾಳೆ ತಟ್ಟಲೆಂದೇ ಬಂದಿದ್ದಾರೆ ಒಬ್ಬರು. ಅಕ್ಕಾ, ಆ ಪತ್ರ ಹೊಡೆದವಳು ನಾನೇ.

ನಮಸ್ಕಾರ.