ಟಕ್ ಅನ್ನಲೇ ಇಲ್ಲವಲ್ಲೋ

ನಗೋರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ನಡುವೆ ಯಾರಾದ್ರೂ ಕಿಸಕ್ ಅಂದ್ರೆ ನಾನು ಎದ್ದು ಮಲಗೋಕೆ ಹೋಗ್ತೀನಿ, ಕತೆ ಅರ್ಧಕ್ಕೇ ನಿಲ್ಲುತ್ತೆ. ಇದು ಅವರಿವರು ಹೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು. ಅದೇ, ನಮ್ಮ ಫೋಟೋ ಅಣ್ಣನಿಗೆ.

ಆವತ್ತು ಅವನು ಅಂಗಡಿ ಬಾಗಿಲು ಹಾಕಿ ಮನೆಗೆ ಹೊರಟಾಗ ತುಂಬ ಹೊತ್ತಾಗಿತ್ತು. ಹೆಗಲಲ್ಲಿ ಚೀಲ. ಚೀಲದಲ್ಲಿ ಒಂದು ಹಳೇ ಕ್ಯಾಮೆರಾ, ಅವತ್ತೇ ಗುಜರಿ ಅಂಗಡಿಯಿಂದ ತಂದಿದ್ದು. ಓಣಿ ತಿರುವಲ್ಲಿ ಬಾವಿ ಇದೆಯಲ್ಲ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿರೋದು... ಅಲ್ಲಿಗೆ ಬಂದ. ಬೀದಿದೀಪ ಕೆಟ್ಟಿತ್ತು. ಅವನ ಚಪ್ಪಲಿ ಸದ್ದು ಬಿಟ್ರೆ ಇನ್ನೇನೂ ಇಲ್ಲ. ಚಟ್... ಪಟ್... ಚಟ್... ಪಟ್...

ಆಗ ಕೇಳಿಸ್ತಂತೆ.

ಕೀಂ...

ಸಣ್ಣಗೆ. ಸೊಳ್ಳೆ ಸದ್ದಿಗಿಂತ ಒಂಚೂರು ದಪ್ಪ. ಹಾಗೇ ಮೇಲೇರ್ತಾ ಏರ್ತಾ ಹೋಗಿ, ನಿಂತುಬಿಡ್ತು. ನೀವೋ ನಾನೋ ಆಗಿದ್ರೆ ಏನೋ ಹುಳ ಅಂತ ಮುಂದೆ ಹೋಗ್ತಿದ್ವಿ. ಅವನಿಗೆ ಗೊತ್ತಾಯ್ತು. ಹಳೇ ಕಾಲದ ಫ್ಲ್ಯಾಶ್ ಚಾರ್ಜ್ ಆಗೋ ಸದ್ದು ಅದು. ಆದ್ರೆ ಅವನ ಚೀಲದಲ್ಲಿ ಫ್ಲ್ಯಾಶೇ ಇರಲಿಲ್ಲ.

ಚೀಲ ಮುಟ್ಟಿ ನೋಡ್ಕೊಳ್ಳೋಷ್ಟರಲ್ಲಿ ಬೆಳಕು ಬಿತ್ತು. ಒಂದೇ ಸಲ. ಬಾವಿ ಕಟ್ಟೆ, ಜಾಲರಿ, ಎದುರಿಗೆ ಬೀಗ ಹಾಕಿದ ಆ ಚಿಕ್ಕ ಮನೆ... ಎಲ್ಲ ಬೆಳ್ಳಗೆ. ಮತ್ತೆ ಕತ್ತಲು. ಕಿವಿ ಪಕ್ಕದಲ್ಲೇ ಯಾರೋ ಪಿಸುಗುಟ್ಟಿದ್ರು.

"ಆಯ್ತೇನೋ?"

"ಯಾ... ಯಾರು?"

"ಟಕ್ ಅನ್ನಲೇ ಇಲ್ಲವಲ್ಲೋ..."

ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ನಮ್ಮಣ್ಣನ ಧೈರ್ಯ ನಿಮಗೆ ಗೊತ್ತಲ್ಲ, ಜಿರಳೆ ಕಂಡ್ರೆ ಕುರ್ಚಿ ಹತ್ತೋ ಪ್ರಾಣಿ. ಆದ್ರೆ ಆವತ್ತು ಅವನು ಓಡಿದ್ದು ಯಾರೋ ಅಂತ ಹೆದರಿ ಅಲ್ಲ. ಯಾರು ಅಂತ ಗೊತ್ತಾಗಿ.

ಈಗ ಅದನ್ನ ಹೇಳ್ಬೇಕು. ಬೀಗ ಹಾಕಿದ ಮನೆ ಅಂದೆನಲ್ಲ, ಅದು ಕಾಜಾ ಅಜ್ಜಿ ಮನೆ. ಕಾಜಾ ಅಂದ್ರೆ ಅಂಗಿ ಗುಂಡಿ ತೂರಿಸೋ ತೂತು. ಅದರ ಸುತ್ತ ಕೈಯಲ್ಲೇ ಒತ್ತೊತ್ತಾಗಿ ಹೊಲಿಗೆ ಹಾಕೋದು ಅಜ್ಜಿ ಕಸುಬು. ದರ್ಜಿಗಳು ಅಂಗಿಗಳನ್ನ ಮೂಟೆ ಕಟ್ಟಿ ಕಳಿಸೋರು, ಅಜ್ಜಿ ಬಾವಿ ಕಟ್ಟೆ ಮೇಲೆ ಕೂತು ಬೆಳಕಿರೋವರೆಗೂ ಹೊಲಿಯೋಳು. ಅದರಲ್ಲೇ ಮಗಳನ್ನ ಸಾಕಿದ್ಲು. ಆ ಮಗಳ ಮದುವೆಗೆ ಫೋಟೋ ತೆಗೆದವನು ನಮ್ಮಣ್ಣ.

ಆಗ ರೀಲಿನ ಕಾಲ. ರೀಲು ಅಂದ್ರೆ ಲೆಕ್ಕಾಚಾರ. ಎಲ್ಲರೂ ನಂದೊಂದು, ನಂದೊಂದು ಅಂತ ಮುಗಿಬೀಳೋರು. ಅದಕ್ಕೆ ಫೋಟೋದವರ ಹತ್ರ ಒಂದು ಉಪಾಯ ಇತ್ತು. ಫ್ಲ್ಯಾಶ್ ಬೆನ್ನಲ್ಲಿ ಒಂದು ಸಣ್ಣ ಬಟನ್ ಇರುತ್ತೆ. ಅದನ್ನ ಒತ್ತಿದ್ರೆ ಬೆಳಕು ಮಾತ್ರ ಹೊಡೆಯುತ್ತೆ, ಕ್ಯಾಮೆರಾ ಟಕ್ ಅನ್ನಲ್ಲ, ಫೋಟೋ ಬೀಳಲ್ಲ. ಖಾಲಿ ಫ್ಲ್ಯಾಶ್ ಅನ್ನೋರು. ಅತ್ತ ಜನಕ್ಕೂ ಖುಷಿ, ಇತ್ತ ರೀಲೂ ಉಳೀತು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.

ಮದುವೆ ದಿನ ಗ್ರೂಪ್ ಫೋಟೋಗೆ ಕರೆದಾಗೆಲ್ಲ ಅಜ್ಜಿ ಇರ್ತಾನೇ ಇರಲಿಲ್ಲ. ಅಡುಗೆ ಕಡೆ, ನೀರಿನ ಕಡೆ, ಯಾರಿಗೆ ಬಡಿಸಿಲ್ಲ ಅನ್ನೋ ಕಡೆ. ಎಲ್ಲ ಮುಗಿದ ಮೇಲೆ ಬಂದ್ಲು. ಮುಖ ತೊಳೆದು, ತಲೆ ಬಾಚಿ, ಇದ್ದಿದ್ರಲ್ಲಿ ಒಳ್ಳೇದು ಉಟ್ಕೊಂಡು. "ಮಗಾ, ನಂದೂ ಒಂದು ಹೊಡಿಯೋ. ಒಬ್ಬಳದೇ. ಯಾವತ್ತೂ ತೆಗೆಸಿಲ್ಲ" ಅಂದ್ಲು. ಕುರ್ಚಿ ಮೇಲೆ ಕೂರೋಕೆ ಮುಂಚೆ ಇವನ ಅಂಗಿ ನೋಡಿದ್ಲು. ಎದೆ ಹತ್ರ ಒಂದು ಗುಂಡಿ ಜೋತಾಡ್ತಿತ್ತು. "ಇದೇನೋ ಇದು, ಮದುವೆ ಮನೇಲಿ ಹೀಗೆ ಓಡಾಡ್ತೀಯಾ?" ಅಂತ ಸೆರಗಿಗೆ ಚುಚ್ಚಿದ್ದ ಸೂಜಿ ತೆಗೆದು, ಅವನು ನಿಂತಿದ್ದ ಹಾಗೇ ಹೊಲಿದುಕೊಟ್ಲು. ಅಂಗಿ ಬಿಳಿ, ಸೂಜೀಲಿ ಇದ್ದ ದಾರ ಕೆಂಪು. "ಇರಲಿ ಬಿಡು, ಗಟ್ಟಿ ಇರುತ್ತೆ" ಅಂದ್ಲಂತೆ. ಆಮೇಲೆ ಹೋಗಿ ನೆಟ್ಟಗೆ ಕೂತ್ಕೊಂಡ್ಲು.

ಇವನ ರೀಲು ಕೊನೆಗೆ ಬಂದಿತ್ತು. ಗಂಡಿನ ಕಡೆಯ ದೊಡ್ಡ ಮನುಷ್ಯರು ಇನ್ನೂ ಬಾಕಿ ಇದ್ರು. ಹಾಕಿದ ದಾರ ಇನ್ನೂ ಎದೆ ಮೇಲೇ ಇದೆ... ಖಾಲಿ ಫ್ಲ್ಯಾಶ್ ಹೊಡೆದುಬಿಟ್ಟ.

ಅಜ್ಜಿ ಕಣ್ಣು ಪಿಳಿಪಿಳಿ ಬಿಟ್ಟು ಕೇಳಿದ್ಲು. "ಆಯ್ತೇನೋ?"

"ಆಯ್ತಜ್ಜಿ."

"ಟಕ್ ಅನ್ನಲೇ ಇಲ್ಲವಲ್ಲೋ?"

"ಇದು ಹೊಸಾದು ಅಜ್ಜಿ. ಸದ್ದು ಬರಲ್ಲ."

ಅಷ್ಟೇ. ಆ ವರ್ಷ ಮುಗಿಯೋದ್ರೊಳಗೆ ಅಜ್ಜಿ ಹೋಗಿಬಿಟ್ಲು.

ಏನೇ? ಗುರುತಿನ ಚೀಟೀಲಿ ಫೋಟೋ ಇರಲಿಲ್ವಾ ಅಂತೀಯಾ? ಇತ್ತು ಕಣೇ, ಮುಖಕ್ಕೆ ಮಸಿ ಬಳಿದ ಹಾಗೆ. ಅದರಲ್ಲಿ ನಿಮ್ಮಜ್ಜಿ ಅಂದ್ರೂ ನಂಬಬೇಕು, ನಮ್ಮಜ್ಜಿ ಅಂದ್ರೂ ನಂಬಬೇಕು. ನಡುವೆ ಬಾಯಿ ಹಾಕ್ಬೇಡ.

ಮಗಳು ಬಂದು ಕೇಳಿದ್ಲು, ಅಮ್ಮಂದು ಒಂದು ತೆಗೆದಿದ್ಯಲ್ಲ, ಕೊಡೋ ಅಂತ. ಇವನು ಆವತ್ತೇ ಹೇಳಿಬಿಟ್ಟಿದ್ರೆ ಎರಡು ಬೈಗುಳಕ್ಕೆ ಮುಗೀತಿತ್ತು. "ನೆಗೆಟಿವ್ ಎಲ್ಲೋ ಸೇರ್ಕೊಂಡಿದೆ ಅಕ್ಕಾ, ಹುಡುಕ್ತೀನಿ" ಅಂದ. ಮುಂದಿನ ಸಲವೂ ಅದೇ. ಅದರ ಮುಂದಿನ ಸಲವೂ ಅದೇ. ವರ್ಷಗಟ್ಟಲೆ ಅದೇ. ದಾರೀಲಿ ಅವಳು ಕಂಡ್ರೆ ಇವನು ಓಣಿ ಬದಲಾಯಿಸೋನು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ, ಯಾರಾದ್ರೂ ಸುಮ್ಮನೆ ಫೋಟೋ ಅಂದ್ರೂ ಬೆಚ್ಚೋನು.

ಹಳೇ ಕ್ಯಾಮೆರಾದ ಹುಚ್ಚು ಹಿಡಿದಿದ್ದು ಆಮೇಲೇ. ಎಲ್ಲರ ಕೈಲೂ ಮೊಬೈಲ್ ಬಂತು, ಹಳೇ ಕ್ಯಾಮೆರಾಗಳೆಲ್ಲ ಗುಜರಿ ಸೇರಿದ್ವು. ಕೆಲವದರ ಹೊಟ್ಟೇಲಿ ರೀಲು ಹಾಗೇ ಮರೆತುಹೋಗಿರುತ್ತೆ. ಇವನು ಅವನ್ನ ತಂದು, ಮನೆ ಹಿಂದಿನ ಕತ್ತಲೆ ಕೋಣೇಲಿ ರೀಲು ತೊಳೆದು, ಅದರಲ್ಲಿರೋ ಮುಖ ಯಾರದ್ದು ಅಂತ ಊರೆಲ್ಲ ವಿಚಾರಿಸಿ, ಮನೆಗೆ ಹೋಗಿ ಕೊಟ್ಟು ಬರೋನು. ಸತ್ತ ಅಣ್ಣ, ಕಳೆದುಹೋದ ಮಗು... ಕೊಟ್ಟಾಗ ಜನ ಕೈಮುಗಿದು ಅಳೋರು. ಪುಣ್ಯಾತ್ಮ ಅನ್ನೋರು. ಪುಣ್ಯಾತ್ಮ ಅಂದಾಗೆಲ್ಲ ಅವನು ಚಪ್ಪಲಿ ಮೆಟ್ಟಿ ಹೊರಟುಬಿಡೋನಂತೆ. ಹಾಗಂತ ನನ್ನ ಹತ್ರ ಅವನೇ ಹೇಳಿದ್ದು.

ಬಾವಿ ಹತ್ರ ಹೀಗಾದ ದಿನ ಸಾಯಂಕಾಲ ಅಜ್ಜಿ ಮಗಳು ಅಂಗಡಿಗೆ ಬಂದಿದ್ಲು. ಈ ಸಲ ಜೋರು ಮಾಡಲಿಲ್ಲ. ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಹೇಳಿದ್ಲು. "ನನ್ನ ಮಗಳು ಅಜ್ಜಿ ಹೇಗಿದ್ಲು ಅಂತ ಕೇಳಿದ್ಲೋ. ಹೇಳೋಣ ಅಂತ ಕಣ್ಣು ಮುಚ್ಚಿದೆ... ಅಮ್ಮನ ಮೂಗು ನೆನಪಾಗಲಿಲ್ಲ. ಕೈ ನೆನಪಿದೆ, ದನಿ ನೆನಪಿದೆ. ಮೂಗು ಹೋಗಿಬಿಟ್ಟಿದೆ. ಪೂರ್ತಿ ಹೋಗೋ ಮುಂಚೆ ಒಂದು ಸಲ ಸರಿಯಾಗಿ ಹುಡುಕಿ ನೋಡೋ ತಮ್ಮಾ."

ಆಗಲೂ ಏನಂದ ಗೊತ್ತಾ? "ನಾಳೆ ಹುಡುಕ್ತೀನಿ ಅಕ್ಕಾ."

ಅದಾದ ಮೇಲೇ ಆ ಬಾವಿ, ಆ ಬೆಳಕು, ಆ ಮಾತು.

ಮನೆಗೆ ಬಂದವನಿಗೆ ನಿದ್ದೆ ಹತ್ತೀತಾ? ಕೈ ಸುಮ್ಮನಿದ್ರೆ ತಲೆ ಕೆಡುತ್ತೆ ಅಂತ ಕತ್ತಲೆ ಕೋಣೆಗೆ ಹೋಗಿ ಆ ಕ್ಯಾಮೆರಾ ತೆಗೆದ. ಅದರ ಬಟನ್ ಜಾಮ್ ಆಗಿತ್ತು. ಎಷ್ಟು ಒತ್ತಿದ್ರೂ ಅಲ್ಲಾಡ್ತಿರಲಿಲ್ಲ, ಗುಜರಿಯವನೂ ಮೊದಲೇ ಹೇಳಿದ್ದ. ಆದ್ರೆ ಸುತ್ತೋ ತಿರುಗುಣಿ ಬಿಗಿಯಾಗಿತ್ತು, ಅಂದ್ರೆ ಒಳಗೆ ರೀಲಿದೆ. ತಿರುಗಿಸಿದ. ಕರ್ರ್... ಕರ್ರ್... ದೀಪ ಆರಿಸಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ರೀಲು ಹೊರಗೆ ತೆಗೆದ. ಈ ಕೆಲಸಕ್ಕೆ ಒಂದು ಹನಿ ಬೆಳಕೂ ಆಗಲ್ಲ, ಎಲ್ಲ ಬೆರಳಲ್ಲೇ ನೋಡ್ಬೇಕು.

ಫಿಲ್ಮ್ ಎಳೀತಾ ಎಳೀತಾ ಕೊನೆ ಮುಟ್ಟಿದ. ಅಲ್ಲಿ ಫಿಲ್ಮನ್ನ ರೀಲಿನ ನಡುವಿನ ಕಡ್ಡಿಗೆ ಟೇಪಿನಲ್ಲಿ ಅಂಟಿಸಿರ್ತಾರೆ. ಎಲ್ಲಾ ರೀಲಲ್ಲೂ ಹಾಗೇ. ಬೆರಳಿಗೆ ಟೇಪು ಸಿಗಲಿಲ್ಲ.

ಏನೋ ಗಂಟು ಗಂಟು ಸಿಕ್ತು. ಒತ್ತೊತ್ತಾಗಿ, ಸಾಲಾಗಿ. ಮತ್ತೆ ಸವರಿದ. ದಾರ. ಫಿಲ್ಮಿನ ಅಂಚನ್ನ ಯಾರೋ ಹೊಲಿದಿದ್ರು... ಕಾಜಾ ಹೊಲಿಗೆ.

ದೀಪ ಹಾಕೋ ಹಾಗಿಲ್ಲ, ಹಾಕಿದ್ರೆ ಫಿಲ್ಮ್ ಹಾಳು. ತಡಕಾಡಿ ಕತ್ತರಿ ಹುಡುಕಿ ಕತ್ತರಿಸಿದ. ಕಚ್. ಫಿಲ್ಮನ್ನ ಬೆಳಕು ತೂರದ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಆಮೇಲೆ ದೀಪ ಹಾಕಿದ. ಕಡ್ಡಿಗೆ ಅಂಟಿಕೊಂಡಿದ್ದ ದಾರ ಕೆಂಪಗಿತ್ತು. ನಾನೂ ನೋಡಿದ್ದೀನಿ ಅದನ್ನ, ಈಗಲೂ ಅವನ ಮೇಜಿನ ಡ್ರಾಯರಿನಲ್ಲಿದೆ.

ಡಬ್ಬಿಗೆ ಫಿಲ್ಮ್ ತೊಳೆಯೋ ಔಷಧಿ ನೀರು ಹೊಯ್ದು ಅಲ್ಲಾಡಿಸಿದ. ಗುಳುಕ್... ಗುಳುಕ್... ತೊಳೆದು ಫಿಲ್ಮ್ ಎತ್ತಿ ನೋಡಿದ್ರೆ ಉದ್ದಕ್ಕೂ ಖಾಲಿ. ಒಂದೇ ಒಂದು ಫೋಟೋ ಬಿದ್ದಿತ್ತು, ಹೊಲಿಗೆ ಕತ್ತರಿಸಿದ ತುದೀಲಿ. ಅದನ್ನ ಕಾಗದಕ್ಕೆ ಇಳಿಸಿ, ಕೆಂಪು ದೀಪದಲ್ಲಿ ತಟ್ಟೆಯೊಳಗೆ ಮುಳುಗಿಸಿದ. ಮೆಲ್ಲಗೆ ಮೂಡ್ತಾ ಬಂತು. ಮೊದಲು ಒಂದು ಬಿಳಿ ಅಂಗಿ. ಆಮೇಲೆ ಬಗ್ಗಿದ ಹೆಗಲು. ಕೈ. ಕ್ಯಾಮೆರಾ. ಅದರ ಮೇಲೆ ಮುಖ...

ಅವನದ್ದೇ.

ಅವನ ಚಿಕ್ಕ ವಯಸ್ಸಿನ ಮುಖ. ಆ ಮದುವೆ ಮನೆ. ಕುರ್ಚೀಲಿ ಕೂತ ಅಜ್ಜಿಗೆ ಅವನು ಹೇಗೆ ಕಂಡಿದ್ದನೋ ಹಾಗೇ. ತುಟೀಲಿ ಒಂದು ಕಳ್ಳ ನಗು. ಕೈ ಫ್ಲ್ಯಾಶಿನ ಬೆನ್ನಿಗೆ ಹೋಗಿತ್ತು. ಫೋಟೋ ತೆಗೆಯೋ ಬಟನ್ ಮೇಲೆ ಬೆರಳೇ ಇರಲಿಲ್ಲ.

ಅವನು ನೆಲದ ಮೇಲೆ ಕುಸಿದು ಅತ್ತನಂತೆ. ಹೆದರಿಕೆಗಲ್ಲ, ನಾಚಿಕೆಗೆ. ಅಷ್ಟರಲ್ಲೂ ಬುದ್ಧಿ ನೋಡಿ, ಇದನ್ನ ಹರಿದುಹಾಕಿದ್ರೆ ಯಾರಿಗೂ ಗೊತ್ತಾಗಲ್ಲ ಅನ್ನಿಸ್ತಂತೆ. ಒದ್ದೆ ಕಾಗದ ಎತ್ತಿ, ಎರಡೂ ಕೈಯಲ್ಲಿ ಹಿಡಿದ.

ಕೀಂ...

ಬೆನ್ನ ಹಿಂದೆ. ಮುಚ್ಚಿದ ಕೋಣೇಲಿ.

"ಆಯ್ತೇನೋ?"

ತಿರುಗಿ ನೋಡೋ ಧೈರ್ಯ ಅವನಿಗಿರಲಿಲ್ಲ. ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದ.

"ಇಲ್ಲಜ್ಜಿ... ಆಗಿಲ್ಲ. ನಾನು ಹೊಡೀಲೇ ಇಲ್ಲ. ನೀನು ಗುಂಡಿ ಹಾಕಿಕೊಟ್ಟೆ, ನಾನು ನಿನಗೆ ಮೋಸ ಮಾಡಿದೆ. ತಪ್ಪಾಯ್ತಜ್ಜಿ."

ನಲ್ಲಿಯಿಂದ ನೀರು ತೊಟಕ್... ತೊಟಕ್...

ಆಮೇಲೆ ಮೇಜಿನ ಮೇಲಿಂದ, ಬೆನ್ನು ತೆರೆದುಕೊಂಡು ಬಿದ್ದಿದ್ದ ಆ ಜಾಮ್ ಆದ ಕ್ಯಾಮೆರಾದಿಂದ...

ಟಕ್.

ಬೆಳಗಾಗೋದನ್ನೇ ಕಾದು ಅಜ್ಜಿ ಮಗಳ ಮನೆಗೆ ಹೋದ. ಬರಿಗಾಲಲ್ಲೇ, ಆ ಫೋಟೋ ಹಿಡ್ಕೊಂಡು. ಬಾಗಿಲಲ್ಲೇ ನಿಂತು ಎಲ್ಲಾ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಅಂತ ಈಗಲೂ ಅಂತಾನೆ.

"ಹಾಗಾದ್ರೆ... ಎಲ್ಲೂ ಇಲ್ವಾ?" ಅಂದ್ಲು.

"ಎಲ್ಲೂ ಇಲ್ಲ ಅಕ್ಕಾ."

ಅವಳು ಹೊಸ್ತಿಲ ಮೇಲೇ ಕೂತುಬಿಟ್ಲು. ಕೂತಲ್ಲಿಂದಲೇ ಹೇಳಿದ್ಲು. "ಆವತ್ತು ರಾತ್ರೀನೇ ಅಮ್ಮ ನನ್ನ ಹತ್ರ ಹೇಳಿದ್ಲು ಕಣೋ. ಟಕ್ ಅನ್ನಲಿಲ್ಲ ಕಣೇ, ಆ ಹುಡುಗನ್ನ ಒಂದು ಮಾತು ಕೇಳು ಅಂತ. ನಿನಗೇನು ಗೊತ್ತಾಗುತ್ತೆ, ಸುಮ್ಮನೆ ಬಿದ್ಕೋ ಅಂದುಬಿಟ್ಟೆ ನಾನು." ಇಬ್ಬರೂ ಅತ್ರು. ಕೊನೆಗೆ ಅವಳು ಕೈ ಚಾಚಿ ಆ ಫೋಟೋ ಇಸ್ಕೊಂಡ್ಲು. "ಇದು ಇಲ್ಲಿರಲಿ. ಅಮ್ಮ ಅಷ್ಟು ಅಲಂಕಾರ ಮಾಡ್ಕೊಂಡು ಕೂತು ನೋಡಿದ್ದು ಇದನ್ನೇ ತಾನೇ" ಅಂದ್ಲು. ಕಟ್ಟು ಹಾಕಿಸಿ ನಡುಮನೆ ಗೋಡೆಗೆ ತೂಗುಹಾಕಿದ್ಲು. ನಮ್ಮಣ್ಣ ಹೋದಾಗೆಲ್ಲ ತನ್ನ ಆ ಕಳ್ಳ ನಗುವಿನ ಎದುರಿಗೇ ಕೂರ್ಬೇಕು. ಕೂರ್ತಾನೆ. ತಪ್ಪಿಸಲ್ಲ.

ಆ ಫೋಟೋದಲ್ಲಿ ಅವನ ಕ್ಯಾಮೆರಾದ ಗಾಜು ಕಾಣುತ್ತಲ್ಲ, ಅದರ ನಡುವೆ ಒಂದು ಚುಕ್ಕೆ ಇದೆ. ಮೊದಲ ದಿನ ಸಾಸಿವೆ ಕಾಳಿನಷ್ಟು, ಬರೀ ಬಿಳಿ. ನಾನು ಉಗುರಲ್ಲಿ ಕೆರೆದು ನೋಡಿದೆ, ಕೊಳೆ ಅಲ್ಲ. ಮುಂದಿನ ಸಲ ಹೋದಾಗ ಅದು ಕುರ್ಚಿ ಹಾಗೆ ಕಾಣ್ತಿತ್ತು. ಆಮೇಲೊಂದು ಸಲ, ತೊಡೆ ಮೇಲೆ ಇಟ್ಕೊಂಡ ಎರಡು ಕೈ. ಯಾರೂ ಏನೂ ತಿದ್ದಿಲ್ಲ, ಕಟ್ಟು ಬಿಚ್ಚಿಲ್ಲ, ಕಟ್ಟಿನ ಹಿಂದೆ ಹೊಡೆದ ಮೊಳೆ ಹಾಗೇ ತುಕ್ಕು ಹಿಡಿದಿದೆ.

ಸುಳ್ಳು ಅನ್ನೋರು ನಾಳೆ ನನ್ನ ಜೊತೆ ಬನ್ನಿ, ಕನ್ನಡಕ ಮರೀಬೇಡಿ. ಹೋದ ವಾರ ಹೋಗಿದ್ದೆ. ಅಜ್ಜಿ ಮಗಳು ಬಾಗಿಲಿಗೇ ಬಂದು ನನ್ನ ಕೈ ಹಿಡಿದು ಒಳಗೆ ಕರ್ಕೊಂಡು ಹೋಗಿ ಆ ಫೋಟೋ ಎದುರಿಗೆ ನಿಲ್ಲಿಸಿದ್ಲು. ನಾನು ಹತ್ತಿರ ಹೋಗಿ ನೋಡಿದೆ.

ಮೂಗು ಬಂದಿತ್ತು.