ಬಾಗಲಾಗಿನ ನಮಸ್ಕಾರ

ಬೆಂಚಿನ ಕೆಳಗೂ ಇಲ್ಲ? ಸರಿಯಾಗಿ ನೋಡ ಶಿವಗಂಗಾ! ಹೆಸರಿನ ಬ್ಯಾಡ್ಜಿಗೇನು ಕಾಲ ಬಂದಾವೇನು, ತಾನಾಗೆ ನಡಕೊಂಡು ಹೋಗಾಕ? ಅಳಬ್ಯಾಡ, ಕಾಡಿಗಿ ಇಳೀತೈತಿ... ಏಯ್, ನನ್ನ ಚೀಲ ಸರಸಬ್ಯಾಡ! ಕೊಡಿಲ್ಲಿ, ನಾ ಹಿಡಕೊಂತೀನಿ.

ನಿಮ್ಮವ್ವಗ, ನಮ್ಮ ಚಿಗವ್ವಗ, ಮಾತ ಕೊಟ್ಟು ನಿನ್ನ ಊರಿಂದ ಕರಕೊಂಡು ಬಂದಾಕಿ ನಾ. ಆವಾಗ್ಲೇ ಹೇಳಿದ್ನಿ, ಇದು ಬೆಂಗಳೂರಿನ ಸೀರಿ ಶೋರೂಮ್, ಸಾಮಾನ ಜ್ವಾಕಿ ಅಂತ. ಮೊದಲನೇ ದಿನ ಏನ ಮಾಡಿದಿ? ಕಸೂತಿ ಚೀಲ ಹೆಗಲಿಗೆ ಹಾಕ್ಕೊಂಡು ಬಂದು ಸೆಕ್ಯುರಿಟಿ ಕಡೆ ಬೈಸ್ಕೊಂಡಿ! ಕಳವು ಆಗಬಾರದಂತ ಕೆಲಸದವರು ಒಳಗಿನ ಸಾಮಾನೆಲ್ಲಾ ಹೊರಗ ಕಾಣೋ ಪ್ಲಾಸ್ಟಿಕ್ ಚೀಲನ ತರಬೇಕು. ಕಾಡುಗೋಡಿ ಮಾರ್ಕೆಟ್ಟಿನಾಗ ಅದನ್ನ ಕೊಡಿಸಿದಾಕಿ ಯಾರು? ನಾ! ರೂಮಿನಾಗ ಕನ್ನಡಿ ಮುಂದ ನಿಂದರಿಸಿ ನಮಸ್ಕಾರ ಕಲಿಸಿದಾಕಿ ಯಾರು? ನಾ! ಬಾಗಲಾಗ ಬರೋರು ಯಾರೋ ಏನೋ, ಗುರ್ತಿಲ್ಲ ಪರಿಚಯಿಲ್ಲ, ಆದ್ರೂ ಎದಿ ಮಟ ಕೈ ತಂದು, ಹಲ್ಲು ಕಾಣದಂಗ ನಗಬೇಕು...

ಯಾಕ ನಗತಿ? ನಗು ನಗು. ಈಗ ನಿಂದ ಕಾಲ.

ಹೊಸಬರ ಟ್ರೈನಿಂಗ್ ಇದ್ದಾಗೆಲ್ಲ, ಕಲಿಸೋ ಕೃಪಾ ಮೇಡಂ ನನ್ನ ಕರೀತಿದ್ರು. 'ಭಾಗ್ಯಶ್ರೀ, ಎಲ್ರಿಗೂ ತೋರ್ಸು.' ಇವತ್ತೂ ಎದ್ದು ನಿಂತ್ನಿ, ಸೀರಿ ನೆರಗಿ ಸರಿ ಮಾಡ್ಕೊಂಡ್ನಿ... 'ನೀನು ಕೂತ್ಕೋ, ಶಿವಗಂಗಾ ತೋರಿಸ್ಲಿ. ನೀನೂ ನೋಡಿ ಕಲ್ತ್ಕೋ.' ಅಷ್ಟು ಮಂದಿ ಮುಂದ! ಹೊಟ್ಟಿ ಉರೀತು. ಹೌದು, ಉರೀತು! ನಾ ಕಲಿಸಿದ್ದನ್ನ ನಾ ನೋಡಿ ಕಲೀಬೇಕಾ?

ಆತು ಬಿಡು. ಊಟ ಆದಮ್ಯಾಲ ಮ್ಯಾನೇಜರ್ ನರೇಶ್ ಸಾರ್ ಬರ್ತಾರ, ಇನ್ನ ಮುಂದ ಬಾಗಲಾಗ ಯಾರು ನಿಂದರಬೇಕಂತ ಆರಸ್ತಾರ. ಬ್ಯಾಡ್ಜ್ ಇಲ್ಲದವರನ್ನ ಶೋರೂಮಿನಾಗ ಬಿಡಂಗಿಲ್ಲ. ಗಾಬರಿ ಆಗಬ್ಯಾಡ, ನಿನ್ನ ಬದಲಿ ನಾ ನಿಂದರತೀನಿ. ನಿನ್ನನ್ನ ಜಿಗಣಿ ಗೋಡೌನಿಗರ ಹಾಕ್ತಾರ. ಅಲ್ಲಿ ಆರಾಮ, ದಿನಾ ನಿಂತು ಕೈ ಮುಗಿಯೋ ಕಾಟ ಇಲ್ಲ...

ಹುಡುಕೋದ್ಯಾಕ ಬಿಟ್ಟಿ? ಹುಡುಕ! ಏನ ಹಂಗ ನೋಡಾಕತ್ತಿ? ನನ್ನ ಕೈಯಾಗ ಏನೈತಿ, ನನ್ನ ಚೀಲ. ಬುತ್ತಿ ಡಬ್ಬಿ, ನೀರಿನ ಬಾಟ್ಲಿ, ಬಾಚಣಿಕಿ...

ಅಯ್ಯ.

ಡಬ್ಬಿ ಬುಡಕ ಇಟ್ರ ಕಾಣಂಗಿಲ್ಲ ಅನ್ಕೊಂಡಿದ್ನಿ.

ಗಂಗಾ... ಬೈಯಿ. ಏನರ ಅನ್ನು. ಹೊಡಿ ಬೇಕಾದ್ರ! ತಗೋ, ನಿನ್ನ ಬ್ಯಾಡ್ಜ್. ಬಾ ಇಲ್ಲಿ, ನಾನ ಪಿನ್ ಹಾಕ್ತೀನಿ... ಬ್ಯಾಡಾ? ನೀನ ಹಾಕ್ಕೊಂತೀ? ಹಾಕ್ಕೋ.

ಯವ್ವಾ, ಇದೇನಿದು? ನನಗ್ಯಾಕ ಕೈ ಮುಗೀತಿ? ಎದಿ ಮಟ ಕೈ... ಹಲ್ಲು ಕಾಣದ ನಗು... ಕೈ ಇಳಸ ತಂಗಿ. ನಾ ಗಿರಾಕಿ ಅಲ್ಲ. ನಾ ನಿನ್ನ ಅಕ್ಕ.